ಹಾಸು ಒಣಗುವ ತನಕ

ನಮ್ಮ ಬಾಲವಾಡಿಗೆ ಕಿಟಕಿ ಇರಲಿಲ್ಲ. ಹಿಂದೆ ನೂಲಿನ ಮೂಟೆ ಇಡುತ್ತಿದ್ದ ಕೋಣೆ ಅದು. ನೂಲಿಗೆ ಗಾಳಿ ಬೆಳಕು ಯಾಕೆ ಬೇಕು? ಅದನ್ನೇ ಬಾಡಿಗೆಗೆ ಹಿಡಿದು, ಗೋಡೆಗೆ ಸುಣ್ಣ ಬಳಿದು, ಒಂದು ಕಪ್ಪು ಹಲಗೆ ತೂಗುಹಾಕಿ, ಇಪ್ಪತ್ತಮೂರು ಮಕ್ಕಳನ್ನೂ ನನ್ನನ್ನೂ ಒಳಗೆ ಬಿಟ್ಟಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳನ್ನು ಸೇರಿಸಿಕೊಂಡು ಅಗಳಿ ಹಾಕಿದರೆ ತೆಗೆಯುವುದು ಮಧ್ಯಾಹ್ನದ ಊಟಕ್ಕೆ. ಪಕ್ಕದ ಊರೊಂದರಲ್ಲಿ ಮಗುವೊಂದು ತೋಟದ ಬಾವಿಗೆ ಬಿದ್ದು ತೀರಿಕೊಂಡ ಮೇಲೆ ಮೇಲಿನಿಂದ ಆರ್ಡರ್ ಬಂದಿತ್ತು: ಬಾಲವಾಡಿಯ ವೇಳೆಯಲ್ಲಿ ಯಾವ ಮಗುವೂ ಹೊಸ್ತಿಲು ದಾಟಕೂಡದು, ದಾಟಿದರೆ ಟೀಚರೇ ಜವಾಬ್ದಾರಿ. ನಾನು ಆ ಕಾಗದಕ್ಕೆ ಸಹಿ ಹಾಕಿದ್ದೆ.

ಎಂಬತ್ತರ ದಶಕದ ನಡುವಿನ ಮಾತು. ಕೊಯಮತ್ತೂರು ಕಡೆಯ ಅನ್ನೂರಿನಿಂದ ಟೌನ್ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಊರು, ಅದರಲ್ಲಿ ನೇಕಾರರ ಒಂದೇ ಒಂದು ಉದ್ದ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ನಾನೂ ಅಂಥದೇ ಇನ್ನೊಂದು ಬೀದಿಯಲ್ಲಿ ಮಗ್ಗದ ಸದ್ದಿನಲ್ಲಿ ಹುಟ್ಟಿದವಳು. ಆ ಸದ್ದಿನಿಂದ ತಪ್ಪಿಸಿಕೊಳ್ಳುವುದಕ್ಕೇ ಟೀಚರ್ ಕೆಲಸ ಹಿಡಿದವಳು. ಇದಕ್ಕಾಗಿ ನನ್ನ ಅಣ್ಣ ಆಫೀಸರ ಮನೆಗೆ ಮೂರು ಸಲ ಅಲೆದಿದ್ದ. ಬೇಡವೆಂದು ಬಿಟ್ಟು ಹೋಗುವ ದಾರಿಯೂ ಇರಲಿಲ್ಲ.

ತರಬೇತಿಯಲ್ಲಿ ನಮಗೊಂದು ಪುಸ್ತಕ ಕೊಟ್ಟಿದ್ದರು. ವಸಂತ ಕಾಲದಲ್ಲಿ ಮಕ್ಕಳನ್ನು ಅವರ ಅಪ್ಪ ಅಮ್ಮಂದಿರ ಜೊತೆ ಬಯಲಿಗೆ ಕರೆದುಕೊಂಡು ಹೋಗಬೇಕಂತೆ. ಹುಲ್ಲಿನ ಮೇಲೆ ಓಡಿಸಬೇಕಂತೆ, ಚಿಟ್ಟೆ ತೋರಿಸಬೇಕಂತೆ, ಹೂ ಎಣಿಸಬೇಕಂತೆ. ಬರೆದವರು ನಮ್ಮ ಕಡೆಯ ಪಂಗುಣಿ ತಿಂಗಳನ್ನು ಕಂಡವರಲ್ಲ. ಯುಗಾದಿಯ ಹೊತ್ತಿಗೆ ಇಲ್ಲಿ ಹುಲ್ಲೆಲ್ಲ ಒಣಗಿ ಹೋಗಿರುತ್ತದೆ. ಜೋಳ ಕೊಯ್ದ ಹೊಲದಲ್ಲಿ ಕೂಳೆ ನಿಂತಿರುತ್ತದೆ. ಹೂ ಎಂದರೆ ಬೇವಿನ ಹೂ, ಇಲ್ಲವೇ ಎಕ್ಕದ ಹೂ. ಆದರೂ ತಿಂಗಳ ವರದಿಯಲ್ಲಿ ‘ಕುಟುಂಬದೊಡನೆ ಹೊರಾಂಗಣ ಚಟುವಟಿಕೆ’ ಎಂದು ಒಂದು ಕಲಂ ಇತ್ತು. ತುಂಬದಿದ್ದರೆ ಮೇಲ್ವಿಚಾರಕಿ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು. ಹೊರಗೆ ಹೋಗಬೇಡ ಎಂದವರೂ ಅವರೇ, ಹೊರಗೆ ಏನು ಮಾಡಿದೆ ಬರೆ ಎಂದವರೂ ಅವರೇ.

ಕಲಂ ಖಾಲಿ ಬಿಟ್ಟು ಬೈಸಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಇರಲು ಬಿಡದವಳು ನಾಲ್ಕು ವರ್ಷದ ಒಬ್ಬ ಹುಡುಗಿ.

ಬೀದಿಯ ನಡುವಿನ ಮನೆಯವಳು. ಅವಳ ಅಪ್ಪ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಬೆಳಗಿನಿಂದ ಸಂಜೆ ತನಕ ನೇಯುತ್ತಿದ್ದ. ಅಮ್ಮ ಪಕ್ಕದಲ್ಲೇ ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹುಡುಗಿಯ ಸೊಂಟಕ್ಕೆ ಹಳೇ ಸೀರೆಯ ಪಟ್ಟಿ ಸುತ್ತಿ ಮನೆಯ ಕಂಬಕ್ಕೆ ಕಟ್ಟಿರುತ್ತಿದ್ದರು. ಇದು ಕ್ರೌರ್ಯವೆಂದು ಯಾರೂ ತಿಳಿಯಬಾರದು. ಮಗ್ಗದ ಗುಂಡಿ ಬಾಯಿ ತೆರೆದುಕೊಂಡಿರುವ ಮನೆಯಲ್ಲಿ ಎಲ್ಲರೂ ಮಾಡುವುದೇ ಅದು. ನನ್ನನ್ನೂ ಕಟ್ಟಿದ್ದರು. ಮಕ್ಕಳು ಒಂದೂವರೆ ಎರಡು ವರ್ಷಕ್ಕೆ ಗಂಟು ಬಿಚ್ಚಿಕೊಂಡು ಓಡುವುದನ್ನು ಕಲಿಯುತ್ತವೆ. ಇವಳು ಕಲಿಯಲಿಲ್ಲ. ನಾಲ್ಕಾದರೂ ಕೂತಲ್ಲೇ. ಎತ್ತಿ ನಿಲ್ಲಿಸಿದರೆ ಕಾಲು ಬಿಲ್ಲಿನಂತೆ ಬಾಗುತ್ತಿತ್ತು.

“ಬಿಟ್ರೆ ಗುಂಡೀಗೆ ಬೀಳ್ತಾಳೆ ಟೀಚರ್,” ಎಂದಿದ್ದಳು ಅವಳ ಅಮ್ಮ. “ನಾನು ಕಂಡಿಕೆ ಸುತ್ಲಾ, ಇವಳ ಹಿಂದೆ ಓಡ್ಲಾ? ಇಲ್ಲಿದ್ರೆ ಕಣ್ಮುಂದೆ ಇರ್ತಾಳೆ, ಪಾಪದ್ದು, ಪಾವಂ.”

ನಾನೂ ಅವಳೂ ಸೇರಿ ಹುಡುಗಿಯನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಮೊಣಕಾಲು ಒತ್ತಿ ನೋಡಿ, ಎಲುಬು ಮೆತ್ತಗಿದೆ ಎಂದರು. ಒಂದು ಔಷಧಿ ಬರೆದುಕೊಟ್ಟರು. ದಿನಾ ಬೆಳಗಿನ ಬಿಸಿಲಿನಲ್ಲಿ ಇರಿಸಬೇಕು, ಹಿಡಿದುಕೊಂಡಾದರೂ ನಡೆಸಬೇಕು. ಮಳೆ ಹಿಡಿಯುವಷ್ಟರಲ್ಲಿ ತಾನಾಗಿ ಹೆಜ್ಜೆ ಇಡದಿದ್ದರೆ ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಹೋಗಿ ಕಾಲಿಗೆ ಕಬ್ಬಿಣದ ಪಟ್ಟಿ ಹಾಕಿಸಬೇಕು. ಎಷ್ಟು ವರ್ಷ ಹಾಕಬೇಕೋ ಈಗ ಹೇಳಲು ಬರುವುದಿಲ್ಲ ಎಂದರು. ಮಾರನೇ ದಿನ ಆ ತಾಯಿ ಮಗುವನ್ನು ಎತ್ತಿಕೊಂಡು ಬಂದು ಬಾಲವಾಡಿಯಲ್ಲಿ ಬಿಟ್ಟಳು. ನಾನು ಒಳಗೆ ಕೂರಿಸಿ ಅಗಳಿ ಹಾಕಿದೆ. ಕಂಬದ ಬುಡದಲ್ಲಾದರೂ ಬಾಗಿಲಿನಿಂದ ಅಷ್ಟು ಬೆಳಕು ಬೀಳುತ್ತಿತ್ತು. ನನ್ನ ಕೋಣೆಯಲ್ಲಿ ಅದೂ ಇರಲಿಲ್ಲ. ಅವತ್ತು ನನಗೆ ನನ್ನ ಮೇಲೇ ಅಸಹ್ಯವಾಯಿತು.

ಸರಿ, ಪುಸ್ತಕದಂತೆ ಮಾಡಿಯೇ ನೋಡೋಣವೆಂದು ಭಾನುವಾರ ಎಲ್ಲ ಕುಟುಂಬಗಳೂ ಕೆರೆಯ ಬಯಲಿಗೆ ಬರಬೇಕೆಂದು ಮನೆಮನೆಗೆ ಹೇಳಿ ಬಂದೆ. ಎಲ್ಲರೂ ತಲೆಯಾಡಿಸಿದರು. ಭಾನುವಾರ ಬಂದವರು ಇಬ್ಬರು ಅಜ್ಜಿಯರು ಮತ್ತು ಒಂದು ಮೇಕೆ. ನೇಕಾರನಿಗೆ ಎಲ್ಲಿಯ ಭಾನುವಾರ? ಮಗ್ಗ ನಿಲ್ಲುವುದು ಅಮಾವಾಸ್ಯೆಯ ದಿನ ಮಾತ್ರ. ಅದೇ ಕುಲದಲ್ಲಿ ಹುಟ್ಟಿದ ನಾನು ನಾಲ್ಕು ಅಕ್ಷರ ಓದಿದ ಸೊಕ್ಕಿನಲ್ಲಿ ಅದನ್ನೇ ಮರೆತಿದ್ದೆ. ಹಾಗಾದರೆ ಅಮಾವಾಸ್ಯೆಗೇ ಹೋಗೋಣವೆಂದು ಮತ್ತೆ ಮನೆಮನೆ ಸುತ್ತಿದೆ. ಈ ಸಲ ತಲೆಯಾಡಿಸುವವರೂ ಇಲ್ಲ.

“ಅಮಾಸೆ ದಿನ ಕೂಸುಗಳ್ನ ಕೆರೆ ಕಡೆಗಾ? ಮರದ ಕೆಳಗಾ?” ಎಂದು ಅಜ್ಜಿಯೊಬ್ಬಳು ಎದೆ ಮೇಲೆ ಕೈಯಿಟ್ಟುಕೊಂಡಳು. “ಗಾಳಿ ಗೀಳಿ ಹೊಡೆದ್ರೆ ನೀನು ನೋಡ್ಕೊತೀಯಾ ಅಮ್ಮಣಿ?”

ಕೆಲಸದ ದಿನ ಬಿಡುವಿಲ್ಲ, ಬಿಡುವಿನ ದಿನ ದೆವ್ವ. ಬಾಲವಾಡಿಯ ವೇಳೆಯಲ್ಲಿ ಆರ್ಡರು. ಎತ್ತ ತಿರುಗಿದರೂ ಗೋಡೆ. ರಾತ್ರಿ ಮಲಗಿದರೆ ಆ ಹುಡುಗಿಯ ಮೊಣಕಾಲು ಕಣ್ಣಮುಂದೆ ಬರುತ್ತಿತ್ತು. ಮಳೆಗೆ ಇನ್ನು ಎರಡು ತಿಂಗಳಿತ್ತು.

ದಾರಿ ಸಿಕ್ಕಿದ್ದು ಹಾಲು ತರಲು ಹೋದ ಒಂದು ಬೆಳಿಗ್ಗೆ. ಆಗಿನ್ನೂ ಸೂರ್ಯ ಹುಟ್ಟಿರಲಿಲ್ಲ. ಬೀದಿಯ ಉದ್ದಕ್ಕೂ ಹಾಸು ಎಳೆದಿದ್ದರು. ಮಗ್ಗಕ್ಕೆ ಏರಿಸುವ ಮೊದಲು ಆರು ಸೀರೆಗಾಗುವಷ್ಟು ಉದ್ದದ ಎಳೆಗಳಿಗೆಲ್ಲ ಗಂಜಿ ಹಾಕಿ ಬಿರುಸು ಮಾಡಿಕೊಳ್ಳಬೇಕು. ಈ ಹಾಸನ್ನು ಮನೆಮಾತಿನಲ್ಲೂ ತಮಿಳಿನ ‘ಪಾವು’ ಎಂದೇ ಕರೆಯುತ್ತಾರೆ. ಎರಡು ತುದಿಗೂ ಗೂಟ ಹೊಡೆದು ಹಗ್ಗದಿಂದ ಬಿಗಿದು, ನಡುನಡುವೆ ಬಿದಿರಿನ ಕತ್ತರಿಗಾಲು ಕೊಟ್ಟು, ಸೊಂಟದೆತ್ತರಕ್ಕೆ ಚಪ್ಪರದಂತೆ ಹರಡುತ್ತಾರೆ. ಸೋಸಿದ ಅಕ್ಕಿಗಂಜಿ ಚಿಮುಕಿಸಿ, ಈ ಕಡೆ ಇಬ್ಬರು ಆ ಕಡೆ ಇಬ್ಬರು ಎದುರುಬದುರು ನಿಂತು, ಮೊಳದುದ್ದದ ಕುಂಚಗಳಿಂದ ಒಂದೇ ದಿಕ್ಕಿಗೆ ಎಳೆಯುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಒಣಗುವ ತನಕ ಕುಂಚ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಎಳೆಗೆ ಎಳೆ ಅಂಟಿಕೊಂಡು ಹಗ್ಗವಾಗುತ್ತದೆ. ಬಿಸಿಲು ಏರುವ ಮೊದಲು, ಗಾಳಿ ಏಳುವ ಮೊದಲು ಮುಗಿಯಬೇಕು. ಪಂಗುಣಿ ಚಿತ್ತಿರೈ ತಿಂಗಳ ಒಣ ಹವೆಯೇ ಇದಕ್ಕೆ ತಕ್ಕ ಕಾಲ. ಹಾಗಾಗಿ ಆ ಎರಡು ತಿಂಗಳು ವಾರಕ್ಕೆ ಮೂರು ನಾಲ್ಕು ದಿನ ಯಾರದಾದರೂ ಪಾವು ಬೀದಿಯಲ್ಲಿ ಇದ್ದೇ ಇರುತ್ತದೆ.

ಅಪ್ಪಂದಿರು ಹೊರಗಿದ್ದರು, ಅಮ್ಮಂದಿರು ಹೊರಗಿದ್ದರು, ಅಜ್ಜಿಯರು ಕಡಿದ ಎಳೆ ಗಂಟು ಹಾಕುತ್ತಿದ್ದರು. ಎಳೆಬಿಸಿಲು ಬೀಳತೊಡಗಿತ್ತು. ಇಲ್ಲದವರು ಮಕ್ಕಳು ಮಾತ್ರ. ಮುಟ್ಟಿ ಕೆಡಿಸುತ್ತಾರೆಂದು ಅವರನ್ನೆಲ್ಲ ಮನೆಯೊಳಗೆ ಹಾಕಿ ಚಿಲಕ ಜಡಿದಿದ್ದರು. ಹಾಲಿನ ಚೆಂಬು ಹಿಡಿದುಕೊಂಡೇ ನಾನು ಪಾವಿನ ತಾತನ ಹತ್ತಿರ ಹೋದೆ. ಬೀದಿಯ ಎಲ್ಲ ಹಾಸುಗಳ ಉಸ್ತುವಾರಿ ಅವರದು. ಅವರು ಸರಿ ಎಂದರೆ ಸರಿ. ವೇಳೆಯ ಲೆಕ್ಕವನ್ನೂ ನಾನು ಮನಸ್ಸಿನಲ್ಲೇ ಹಾಕಿಕೊಂಡಿದ್ದೆ. ಪಾವು ಎಂಟೂವರೆಗೆ ಮುಗಿಯುತ್ತದೆ, ಬಾಲವಾಡಿ ತೆರೆಯುವುದು ಒಂಬತ್ತಕ್ಕೆ. ಒಂಬತ್ತರ ತನಕ ಮಕ್ಕಳು ಅಪ್ಪ ಅಮ್ಮನ ಮಕ್ಕಳು, ಆರ್ಡರಿನ ಮಕ್ಕಳಲ್ಲ.

ಕೇಳಿ ತಾತ ನಕ್ಕರು. “ಪಾವು ಅಂದ್ರೆ ಆಟದ ಸಾಮಾನಾ ಅಮ್ಮಣಿ? ಒಂದು ಕೈ ಬಿದ್ರೆ ಆರು ಸೀರೆ ಹೋಯ್ತು.”

ಹಾಗೆಂದು ಅವರು ಹಾಸಿನ ಮೇಲೆ ಬಗ್ಗಿ ಏನನ್ನೋ ಹೆಕ್ಕತೊಡಗಿದರು, ಬೈಯುತ್ತ. ಬೇವಿನ ಹೂ. ಬೀದಿಯ ಎರಡೂ ಕಡೆ ಬೇವಿನ ಮರ, ಆ ತಿಂಗಳಲ್ಲಿ ಮೈತುಂಬ ಹೂ. ಗಾಳಿ ಅಲ್ಲಾಡಿದರೆ ಸಾಕು, ಹಸಿ ಗಂಜಿಯ ಮೇಲೆ ಉದುರಿ ಅಂಟುತ್ತಿದ್ದವು. ತಾತನ ದಪ್ಪ ಬೆರಳಿಗೆ ಅವು ಸಿಗುತ್ತಲೇ ಇರಲಿಲ್ಲ.

“ಇದಕ್ಕೆ ಸಣ್ಣ ಬೆರಳು ಬೇಕು ತಾತಾ,” ಎಂದೆ.

ಅವರು ನನ್ನನ್ನು ನೋಡಿದರು. ಹೂ ನೋಡಿದರು. ನಾಲ್ಕು ವರ್ಷಕ್ಕೆ ಮೇಲ್ಪಟ್ಟವರು ಮಾತ್ರ, ಒಂದು ಸಲಕ್ಕೆ ಆರು ಮಕ್ಕಳು ಮಾತ್ರ, ಉಳಿದವರು ಹಗ್ಗದ ಆಚೆ ಎಂದು ಒಪ್ಪಿದರು. ಹಾಸಿನಿಂದ ಎರಡು ಮಾರು ದೂರದಲ್ಲಿ, ಬೇವಿನ ಮರದಿಂದ ಹೊಲದ ಕಡೆ ಹೋಗುವ ಓಣಿಯ ಮೂಲೆಯ ಕಲ್ಲುಕಂಬದ ತನಕ ಹಳೇ ಹಗ್ಗವೊಂದನ್ನು ಮಕ್ಕಳ ಎದೆಯೆತ್ತರಕ್ಕೆ ಅವರೇ ಬಿಗಿದರು.

ಆ ಹಗ್ಗ ಮಕ್ಕಳನ್ನು ತಡೆಯಲು ಕಟ್ಟಿದ್ದು. ನಮ್ಮ ಹುಡುಗಿಗೆ ಅದೇ ಊರುಗೋಲಾಯಿತು. ಮೊದಲ ದಿನ ಅಮ್ಮ ಅವಳನ್ನು ಬಿಸಿಲಿನಲ್ಲಿ ಗೋಣಿಚೀಲದ ಮೇಲೆ ಕೂರಿಸಿ ಹೋದಳು. ಉಳಿದವರು ಹೆಕ್ಕಿದ ಹೂವನ್ನು ಇವಳು ತೆಂಗಿನ ಚಿಪ್ಪಿಗೆ ತುಂಬಿಕೊಂಡಳು. ಮೂರನೆಯ ದಿನ ಹಗ್ಗ ಹಿಡಿದು ಎದ್ದು ನಿಂತಳು. ಐದನೆಯ ದಿನ, ಹಗ್ಗದ ಆ ತುದಿಯಲ್ಲಿ ಕೂತ ತಾತ “ಬಾ ಕಣ್ಣು, ಹೂ ತಗೊಂಡ್ಬಾ” ಎಂದಾಗ, ಎರಡು ಕೈಯಿಂದಲೂ ಹಗ್ಗ ಹಿಡಿಯಬೇಕಾದ್ದರಿಂದ ಚಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆದು ಹೋದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮಕ್ಕಳು ಕತ್ತರಿಗಾಲು ಎಣಿಸಿದರು, ಹೂ ಎಣಿಸಿದರು, ಬಣ್ಣದ ಹೆಸರು ಕಲಿತರು, ಕಡಿದ ಎಳೆ ಕಂಡರೆ ಅಜ್ಜಿಯರಿಗಿಂತ ಮೊದಲು ಕೂಗಿದರು. ಕೋಣೆಯಲ್ಲಿ ಎರಡು ವರ್ಷ ಬಾಯಿ ಬಿಡದ ಮಗುವೊಂದು ಬೀದಿಯಲ್ಲಿ ಅಪ್ಪನಿಗೇ ಆರ್ಡರ್ ಮಾಡುತ್ತಿತ್ತು. ವರದಿಯ ಕಲಮಿನಲ್ಲಿ ಜಾಗ ಸಾಲದೆ ಅಂಚಿನಲ್ಲೂ ಬರೆದೆ.

ತಪ್ಪು ನಡೆದದ್ದು ಎರಡು ವಾರದ ಮೇಲೆ. ಅದು ಪೂರ್ತಿ ನನ್ನದೇ.

ಬಾಲವಾಡಿಯಲ್ಲಿ ಎಣಿಕೆ ಕಲಿಸುವುದು ಬಿದಿರು ಕಡ್ಡಿಗಳಿಂದ. ಅವತ್ತು ಬೀದಿಯಲ್ಲೇ ಅದನ್ನು ಆಡಿಸೋಣವೆನಿಸಿತು. ಯಾರು ಹತ್ತು ಕಡ್ಡಿ ಮೊದಲು ತರುತ್ತೀರಿ ಎಂದೆ. ಐದು ವರ್ಷದ ಒಬ್ಬಳಿದ್ದಳು, ಎಣಿಕೆಯಲ್ಲಿ ಜಾಣೆ. ಒಂಬತ್ತು ಕಡ್ಡಿ ನೆಲದಲ್ಲಿ ಸಿಕ್ಕವು. ಹತ್ತನೆಯದು ಎಲ್ಲೂ ಕಾಣದೆ, ಹಗ್ಗದ ಕೆಳಗೆ ನುಸುಳಿ, ಹಾಸಿನ ತುದಿಯಲ್ಲಿ ತೂರಿಸಿದ್ದ ನುಣುಪಾದ ಕೋಲನ್ನು ಸರ್ರನೆ ಎಳೆದುಕೊಂಡು ಬಂದು ನನ್ನ ಕೈಗಿಟ್ಟಳು. “ಹತ್ತು ಟೀಚರ್!”

ಸಾವಿರಾರು ಎಳೆಗಳು ಒಂದು ಮೇಲೆ ಒಂದು ಕೆಳಗೆ, ಸರದಿ ತಪ್ಪದೆ ಇರುವುದು ಆ ಕೋಲಿನಿಂದ. ಅದು ಹೋದರೆ ಯಾವ ಎಳೆ ಯಾವುದರ ಪಕ್ಕದ್ದು ಎಂದು ದೇವರಿಗೂ ತಿಳಿಯದು. ಮಗ್ಗದ ಮನೆಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿಲ್ಲವೆಂದು ಹೇಗೆ ಹೇಳಲಿ? ಮತ್ತೆ ಆ ಹಾಸು ಬೇರೆ ಯಾರದೋ ಆಗಿದ್ದರೂ ಆಗುತ್ತಿತ್ತು. ನಮ್ಮ ಹುಡುಗಿಯ ಅಪ್ಪನದು.

ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಹೋಗಿ ಮಗಳನ್ನು ಹಗ್ಗದಿಂದ ಬಿಡಿಸಿ, ಎತ್ತಿಕೊಂಡು ಒಳಗೆ ಹೋದ. ತಾತ ಮಕ್ಕಳನ್ನೆಲ್ಲ ಮನೆಗೆ ಅಟ್ಟಿದರು. ಅಷ್ಟರಲ್ಲಿ ಟೌನ್ ಬಸ್ಸು ಬಂತು, ಮೇಲ್ವಿಚಾರಕಿಯೂ ಇಳಿದರು. ಬೀದಿಯಲ್ಲಿ ಕೇಳಿಸಿಕೊಂಡದ್ದೇ ಅವರಿಗೆ ಸಾಕಾಯಿತು. ಒಂಬತ್ತರ ಮೊದಲು ನಡೆದದ್ದು ಎಂದು ನಾನು ಹೇಳಿದ್ದನ್ನು ಬರೆದುಕೊಂಡರು. ಮುಂದೆ ಯಾವ ಮಗುವಿಗಾದರೂ ಏನಾದರೂ ಆದರೆ ಬೆಳಿಗ್ಗೆ ಆರು ಗಂಟೆಯಾದರೂ ಹೊಣೆ ನಾನೇ ಎಂದು ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಒಂಬತ್ತಕ್ಕೆ ಬಾಗಿಲು ತೆರೆದು, ಮಕ್ಕಳನ್ನು ಒಳಗೆ ಸೇರಿಸಿ, ಅಗಳಿ ಹಾಕಿ, ಕತ್ತಲಲ್ಲಿ ಕೂತು ಅತ್ತೆ.

ಊಟದ ಪಾತ್ರೆ ತೊಳೆದಿಟ್ಟ ಮೇಲೆ ತಾತನ ಜಗಲಿಗೆ ಹೋದೆ. ಅವರು ಹಾಸಿನ ತುದಿಯನ್ನು ಮಡಿಲ ಮೇಲೆ ಹರಡಿಕೊಂಡು ಒಂದೊಂದೇ ಎಳೆ ಎಳೆದು ನೋಡಿ ಮೇಲಕ್ಕೊಂದು ಕೆಳಕ್ಕೊಂದು ಬೇರೆ ಮಾಡುತ್ತಿದ್ದರು. ಎದುರಿಗೆ ಕೂತು ನಾನೂ ಶುರುಮಾಡಿದೆ. ಅವರು ಬೇಡವೆನ್ನಲಿಲ್ಲ. ಮೂರು ದಿನ, ಕತ್ತಲಾಗುವ ತನಕ. ಮರೆತಿದ್ದೇನೆ ಎಂದುಕೊಂಡಿದ್ದ ಕೆಲಸವನ್ನು ಬೆರಳು ಮರೆತಿರಲಿಲ್ಲ. ಮೂರನೆಯ ಸಂಜೆ ಹೊಸ ಕೋಲು ತೂರಿಸಿ ತಾತ ಕತ್ತು ನೆಟ್ಟಗೆ ಮಾಡಿಕೊಂಡರು.

ಆಗ ಹುಡುಗಿಯ ಅಮ್ಮ ಬಂದಳು. “ತಾತಾ, ಕುಂಚದ ಸದ್ದು ಕೇಳ್ತಿದ್ದಂಗೇ ಅಳ್ತಾಳೆ. ಬಾಗ್ಲಿಗೆ ಕೈ ತೋರಿಸ್ತಾಳೆ. ಕಂಬ ಹಿಡ್ಕೊಂಡು ಎದ್ದು ನಿಂತ್ಕೊತಾಳೆ. ನನ್ನ ಕೈಲಿ ನೋಡಕ್ಕಾಗಲ್ಲ.”

ಆ ವರ್ಷ ಎರಡು ಮನೆಯವರು ತಿರುಪ್ಪೂರಿನ ಬನಿಯನ್ ಕಂಪೆನಿಗೆ ಹೊರಟುಹೋಗಿ, ಪಾವಿಗೆ ಕೈ ಸಾಲದಾಗಿತ್ತು. “ಈ ಟೀಚರಮ್ಮನ್ ಕೈ ಖಾಲಿ ಇರೋದ್ಕೇ ಕಡ್ಡಿ ಆಟ ತೋಚಿದ್ದು,” ಎಂದರು ತಾತ. “ಅವಳೊಂದು ಕುಂಚ ಹಿಡೀಲಿ. ಮಕ್ಕಳು ಬರ್ಲಿ.”

ಒಪ್ಪಿಕೊಂಡೆ. ಒಪ್ಪಿದ ಮೇಲೆ ತಿಳಿಯಿತು, ಎಂಥ ಬಲೆಯೊಳಗೆ ಕಾಲಿಟ್ಟೆನೆಂದು. ಮಕ್ಕಳ ಹೊಣೆ ಕಾಗದದ ಮೇಲೆ ನನ್ನದು. ಕುಂಚ ಹಿಡಿದ ಮೇಲೆ ಹಾಸು ಒಣಗದೆ ಕೈ ಬಿಡುವಂತಿಲ್ಲ. ಬೇರೆ ಯಾವ ದಾರಿಯೂ ಇರಲಿಲ್ಲ.

ಚಿತ್ತಿರೈ ಮುಗಿಯುತ್ತ ಬಂದಿತ್ತು. ಆ ಬೆಳಿಗ್ಗೆ ಹಾಸು ಮತ್ತೆ ಆ ಹುಡುಗಿಯ ಮನೆಯದೇ. ಒಂದು ಜೋಡಿ ಅವಳ ಅಪ್ಪ ಅಮ್ಮ, ಅವನು ನನ್ನ ಕಡೆ, ಅವಳು ಹಗ್ಗದ ಕಡೆ. ಇನ್ನೊಂದು ಜೋಡಿ ನಾನು ಮತ್ತು ಪಕ್ಕದ ಮನೆಯ ನೇಕಾರ. ಗಂಜಿ ಪೂರ್ತಿ ಹಸಿಯಾಗಿತ್ತು. ಎಂದಿನಂತೆ ಹುಡುಗಿ ಹಗ್ಗ ಹಿಡಿದು ಕಲ್ಲುಕಂಬದ ತನಕ ಬಂದಳು. ತಾತ ಅಲ್ಲಿರಲಿಲ್ಲ, ಆ ತುದಿಯಲ್ಲಿ ಕಡಿದ ಎಳೆ ನೋಡುತ್ತಿದ್ದರು. ಹುಡುಗಿ ಕಂಬದ ಪಕ್ಕದ ಓಣಿಯೊಳಗೆ ನೋಡಿದಳು. ಓಣಿಯ ಕೊನೆಗೆ ಜೋಳದ ಕೂಳೆಯ ಹೊಲ, ಹೊಲದ ಅಂಚಿಗೆ ಕಟ್ಟೆಯಿಲ್ಲದ ಬಾವಿ. ಅವಳು ಹಗ್ಗ ಬಿಟ್ಟಳು. ಒಂದು ಹೆಜ್ಜೆ. ಕೈ ಎರಡೂ ಗಾಳಿಯಲ್ಲಿ. ಇನ್ನೊಂದು ಹೆಜ್ಜೆ.

ನನ್ನ ಬಾಯಿಂದ ಸದ್ದು ಹೊರಟಿತ್ತು. ತಾತ ಆ ತುದಿಯಿಂದಲೇ ಕೈಯೆತ್ತಿದರು. “ಕೂಗ್ಬೇಡಿ! ಬೆಚ್ಚಿದ್ರೆ ಬೀಳ್ತಾಳೆ.” ನಾಲ್ಕು ಕುಂಚವೂ ಓಡುತ್ತಲೇ ಇದ್ದವು. ಆರು ಸೀರೆಯ ಹಾಸು, ಅದೂ ಒಮ್ಮೆ ಕೆಟ್ಟು ಬದುಕಿದ ಮನೆಯದು. ನನಗೆ ಬಾವಿ ಕಾಣುತ್ತಿತ್ತು, ನಾನು ಸಹಿ ಹಾಕಿದ ಕಾಗದ ಕಾಣುತ್ತಿತ್ತು. ಆದರೂ ಕೈ ಕುಂಚ ಬಿಡಲಿಲ್ಲ. ಇದನ್ನು ಬರೆಯಲು ಇವತ್ತಿಗೂ ನಾಚಿಕೆ.

ಬಿಟ್ಟವನು ಅವಳ ಅಪ್ಪ. ಮಗ್ಗದ ಗುಂಡಿಯಿಂದ ಊಟಕ್ಕೂ ಸರಿಯಾಗಿ ಏಳದವನು, ಕುಂಚವನ್ನು ನನ್ನ ಕೈಗೆ ಕೊಟ್ಟು, ಹಾಸಿನ ಕೆಳಗೆ ನುಸುಳಿ, ಹಗ್ಗ ದಾಟಿ ಓಣಿಗೆ ಹೋದ. ಓಡಲಿಲ್ಲ. ನಾಲ್ಕು ಹೆಜ್ಜೆ ಹಿಂದೆ, ಗಂಜಿ ತೊಟ್ಟಿಕ್ಕುವ ಎರಡು ಕೈಯನ್ನೂ ಮುಂದಕ್ಕೆ ಚಾಚಿಕೊಂಡು ಅವಳ ಹಿಂದೆಯೇ ನಡೆದ. ಮುಟ್ಟಲಿಲ್ಲ.

ನನ್ನ ಕುಂಚವನ್ನು ತಾತ ಓಡಿ ಬಂದು ಹಿಡಿದರು. ಅವನ ಕುಂಚ ಹಿಡಿದು ನಾನು ತಾಯಿಯ ಎದುರು ನಿಂತೆ. ಅವಳ ಬೆನ್ನು ಓಣಿಗೆ. ತಿರುಗಿದರೆ ಎಳೆ ಅಂಟುತ್ತದೆ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಾವಿಬ್ಬರೂ ನಡೆದೆವು. ಓಣಿಯ ಎದುರಿಗೆ ಬಂದಾಗ ಮಾತ್ರ ನನಗೆ ಅವರು ಕಾಣುತ್ತಿದ್ದರು.

“ಬಿದ್ಲಾ ಟೀಚರ್?” ಎಂದಳು, ಕಣ್ಣು ಎಳೆಯ ಮೇಲಿಂದ ತೆಗೆಯದೆ.

“ಇಲ್ಲ.”

“ಎತ್ಕೊಂಡ್ರಾ ಅವರು?”

“ಇಲ್ಲ.”

“ಮತ್ತೆ?”

“ನಡೀತಾ ಇದ್ದಾಳೆ.”

ಅವಳ ಕಣ್ಣೀರು ಹಾಸಿನ ಮೇಲೆ ಬೀಳುತ್ತಿತ್ತು, ಅದರ ಮೇಲೇ ಕುಂಚ ಎಳೆಯುತ್ತಿದ್ದಳು. ಪ್ರತಿ ಸಲ ಓಣಿಯ ಎದುರಿಗೆ ಬಂದಾಗಲೂ ಅದನ್ನೇ ಕೇಳಿದಳು. ನಾನು ಅದೇ ಉತ್ತರ ಕೊಟ್ಟೆ, ಅವರಿಬ್ಬರೂ ಓಣಿ ದಾಟಿ ಹೊಲಕ್ಕೆ ತಿರುಗಿ ನನ್ನ ಕಣ್ಣಿಗೆ ಕಾಣದಾದ ಮೇಲೂ.